ಡ್ರೋನ್ ಸಿಂಪರಣೆ: ಹೊಸ ಚಾಲಕರು ಕಡಿಮೆ ದರದ ಕೆಲಸ ಒಪ್ಪಬಹುದೇ?

ಬೆಳೆಗಳಿಗೆ ಪೀಡೆನಾಶಕ ಸಿಂಪಡಿಸಲು ಡ್ರೋನ್ ಯಂತ್ರವನ್ನು ಬಾಡಿಗೆಗೆ ಕರೆಸುವ ರೂಢಿ ನಮ್ಮ ರಾಜ್ಯದಲ್ಲಿ ನೆಲೆಯೂರುತ್ತಿದೆ. ಕಲಬುರಗಿ ಕಡೆಯ ತೊಗರಿ ಹೊಲಗಳಲ್ಲಿ, ತುಂಗಭದ್ರಾ ಅಚ್ಚುಕಟ್ಟಿನ ಭತ್ತದ ಗದ್ದೆಗಳಲ್ಲಿ ಈ ಯಂತ್ರ ಹಾರಿದರೆ ಈಗ ದಾರಿಹೋಕರು ನಿಂತು ನೋಡುವುದಿಲ್ಲ. ಆಳೆತ್ತರ ಬೆಳೆದು ಹೂವಾದ ತೊಗರಿಯೊಳಗೆ ಬೆನ್ನಿಗೆ ಪಂಪು ಕಟ್ಟಿಕೊಂಡು ನುಗ್ಗುವ ಆಳಿನ ಮುಖ ಮೈಗೆಲ್ಲ ಔಷಧ ಬೀಳುತ್ತದೆ. ಎಕರೆಗೆ 150 ರಿಂದ 200 ಲೀಟರ್ ನೀರನ್ನು ಹೊಲದ ಬದುವಿಗೆ ಹೊರಬೇಕು. ಅದೇ ಕೆಲಸವನ್ನು ಡ್ರೋನ್ ಸುಮಾರು 10 ಲೀಟರ್ ನೀರಿನಲ್ಲಿ, ಹತ್ತು ನಿಮಿಷದ ಒಳಗೆ ಮುಗಿಸುತ್ತದೆ. ರೈತರು ಇದನ್ನು ಮೆಚ್ಚಿದ್ದರಲ್ಲಿ ಆಶ್ಚರ್ಯವಿಲ್ಲ.

ಇದರ ಬೆನ್ನಲ್ಲೇ ಹಳ್ಳಿಗಳಲ್ಲಿ ಒಂದು ಹೊಸ ಕಸುಬು ಹುಟ್ಟಿದೆ. 2021ರ ಡ್ರೋನ್ ನಿಯಮಗಳ ಪ್ರಕಾರ, ಹತ್ತನೆಯ ತರಗತಿ ತೇರ್ಗಡೆಯಾದ, 18 ರಿಂದ 65 ವರ್ಷದೊಳಗಿನ ಯಾರೇ ಆಗಲಿ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ತರಬೇತಿ ಪಡೆದು ದೂರ ಚಾಲಕರ ಪ್ರಮಾಣಪತ್ರ ಗಳಿಸಬಹುದು. ಪತ್ರ ಹತ್ತು ವರ್ಷ ಊರ್ಜಿತದಲ್ಲಿರುತ್ತದೆ. 2023ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಒಪ್ಪಿದ ನಮೋ ಡ್ರೋನ್ ದೀದಿ ಯೋಜನೆಯು 15,000 ಮಹಿಳಾ ಸ್ವಸಹಾಯ ಸಂಘಗಳಿಗೆ ಡ್ರೋನ್ ಒದಗಿಸುವ ಗುರಿಯೊಂದಿಗೆ ಹೊರಟಿತು. ಹೀಗೆ ತರಬೇತಿ ಮುಗಿಸಿ ಬಂದ ತರುಣ ತರುಣಿಯರಿಗೆ ಎದುರಾಗುವ ಮೊದಲ ತೊಡಕು ಹಾರಿಸುವುದಲ್ಲ, ದರ ಹೇಳುವುದು. ಎಕರೆಗೆ ರೂ. 500 ಎಂದರೆ ರೈತ, "ಪಕ್ಕದ ಊರಿನವನು 350ಕ್ಕೆ ಹೊಡೆಯುತ್ತಾನೆ" ಎನ್ನುತ್ತಾನೆ. ಒಪ್ಪದಿದ್ದರೆ ಯಂತ್ರ ಮನೆಯಲ್ಲಿ ಕೂರುತ್ತದೆ, ಒಪ್ಪಿದರೆ ಗಿಟ್ಟುವುದೋ ಇಲ್ಲವೋ ತಿಳಿಯದು. "ಮೊದಲು ಹೆಸರು ಬರಲಿ, ದುಡ್ಡು ಆಮೇಲೆ ನೋಡೋಣ" ಎಂದು ಹಲವರು ಒಪ್ಪಿಬಿಡುತ್ತಾರೆ. ಇದು ಸರಿಯೇ ಎಂಬುದನ್ನು ಲೆಕ್ಕ ಹಾಕಿ ನೋಡುವುದು ಈ ಲೇಖನದ ಉದ್ದೇಶ. ಈ ಲೆಕ್ಕ ಚಾಲಕನಿಗೆ ಎಷ್ಟು ಬೇಕೋ ಅವನನ್ನು ಕರೆಸುವ ರೈತನಿಗೂ ಅಷ್ಟೇ ಬೇಕು.

ದರ ಇಳಿಯಲು ಕಾರಣ

ಡ್ರೋನ್ ಸಿಂಪರಣೆಯನ್ನು ಹೆಚ್ಚಿನ ರೈತರು ಮೊದಲು ನೋಡಿದ್ದು ಪ್ರಾತ್ಯಕ್ಷಿಕೆಯಲ್ಲಿ, ಅದೂ ಪುಕ್ಕಟೆಯಾಗಿ. ಪುಕ್ಕಟೆ ಎಂಬುದು ರೈತನ ಪಾಲಿಗೆ ಮಾತ್ರ. 2022ರ ಜನವರಿಯಲ್ಲಿ ಕೃಷಿ ಯಾಂತ್ರೀಕರಣ ಉಪ ಅಭಿಯಾನದ ಮಾರ್ಗಸೂಚಿಯನ್ನು ತಿದ್ದಿದಾಗ, ಡ್ರೋನನ್ನು ಬಾಡಿಗೆಗೆ ತಂದು ಪ್ರಾತ್ಯಕ್ಷಿಕೆ ನಡೆಸುವ ಸಂಸ್ಥೆಗಳಿಗೆ ಹೆಕ್ಟೇರಿಗೆ ರೂ. 6,000, ಸ್ವಂತ ಡ್ರೋನ್ ಕೊಂಡು ನಡೆಸುವ ಸಂಸ್ಥೆಗಳಿಗೆ ಹೆಕ್ಟೇರಿಗೆ ರೂ. 3,000 ಸಾದಿಲ್ವಾರು ವೆಚ್ಚವೆಂದು ಗೊತ್ತುಪಡಿಸಲಾಯಿತು. ಎಕರೆ ಲೆಕ್ಕಕ್ಕೆ ತಂದರೆ ಮೊದಲನೆಯದು ಸುಮಾರು ರೂ. 2,400, ಎರಡನೆಯದು ರೂ. 1,200. ಪ್ರಾತ್ಯಕ್ಷಿಕೆಯ ಖರ್ಚು ನಿತ್ಯದ ಬಾಡಿಗೆಗಿಂತ ಹೆಚ್ಚಿರುವುದು ಸಹಜ. ಆದರೆ ಹೊಲದ ಬದುವಿನಲ್ಲಿ ನಿಂತು ನೋಡಿದ ರೈತನಿಗೆ ಆ ಖರ್ಚು ಕಾಣಲಿಲ್ಲ. ಅವನ ಮನಸ್ಸಿನಲ್ಲಿ ಉಳಿದದ್ದು "ಹತ್ತು ನಿಮಿಷದ ಕೆಲಸ" ಎಂಬುದಷ್ಟೆ.

ಹತ್ತು ನಿಮಿಷದ ಕೆಲಸಕ್ಕೆ ಐನೂರು ರೂಪಾಯಿ ಏಕೆ ಎಂದು ಅವನು ಕೇಳಿದರೆ ತಪ್ಪೇನಿಲ್ಲ. ಉತ್ತರ ಹೇಳಬೇಕಾದವನು ಚಾಲಕ. ಹೊಸ ಚಾಲಕರಲ್ಲಿ ಹೆಚ್ಚಿನವರಿಗೆ ಆ ಉತ್ತರ ಗೊತ್ತಿಲ್ಲ. ತರಬೇತಿ ಶಾಲೆಗಳು ಹಾರಿಸುವುದನ್ನು ಕಲಿಸುತ್ತವೆ, ಲೆಕ್ಕ ಬರೆಯುವುದನ್ನು ಕಲಿಸುವುದು ಅಪರೂಪ.

ಒಂದು ದಿನದ ಖರ್ಚು

ಸ್ವಂತ ಯಂತ್ರವಿರುವ ಒಬ್ಬ ಚಾಲಕನನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಕೆಳಗಿನ ಅಂಕಿಗಳು ಲೆಕ್ಕದ ರೀತಿ ತೋರಿಸಲು ಹಿಡಿದವು. ಯಂತ್ರದ ಮಾದರಿ, ಊರಿನ ಕೂಲಿ, ದಾರಿಯ ದೂರಕ್ಕೆ ತಕ್ಕಂತೆ ಪ್ರತಿಯೊಬ್ಬರೂ ತಮ್ಮ ತಮ್ಮ ಅಂಕಿಗಳನ್ನು ಹಾಕಿಕೊಳ್ಳಬೇಕು.

ಬ್ಯಾಟರಿ ಬಿಟ್ಟು ಉಳಿದ ಯಂತ್ರದ ಬೆಲೆ ರೂ. 4,00,000 ಎಂದೂ, ಅದು ನಾಲ್ಕು ವರ್ಷ ಬಾಳುತ್ತದೆ ಎಂದೂ ಹಿಡಿದರೆ ವರ್ಷಕ್ಕೆ ಸವಕಳಿ ರೂ. 1,00,000. ವಿಮೆ, ರೆಕ್ಕೆ, ನಾಜಲ್, ಪಂಪು, ದುರಸ್ತಿಗೆ ವರ್ಷಕ್ಕೆ ರೂ. 50,000 ಸೇರಿಸಬೇಕು. ಹೊಸಬನಿಗೆ ವರ್ಷದಲ್ಲಿ 60 ದಿನ ಕೆಲಸ ಸಿಗುತ್ತದೆ ಎಂದಿಟ್ಟುಕೊಂಡರೆ, ಯಂತ್ರಕ್ಕಾಗಿ ದಿನವೊಂದಕ್ಕೆ ತೆಗೆದಿಡಬೇಕಾದ ಹಣ ರೂ. 2,500. ಇನ್ನು ಹೊಲಕ್ಕೆ ಹೋದ ದಿನದ ಖರ್ಚು ಬೇರೆ. ವಾಹನ ಮತ್ತು ಜನರೇಟರಿನ ಇಂಧನಕ್ಕೆ ರೂ. 900, ಔಷಧ ಕಲಸಿ ಟ್ಯಾಂಕು ತುಂಬುವ ಸಹಾಯಕನಿಗೆ ರೂ. 600, ಚಾಲಕನ ಸ್ವಂತ ಕೂಲಿ ರೂ. 1,000, ಒಟ್ಟು ರೂ. 2,500. ಅಂದರೆ ಎಷ್ಟೇ ಎಕರೆ ಹೊಡೆಯಲಿ, ದಿನಕ್ಕೆ ರೂ. 5,000 ಏಳಲೇಬೇಕು.

ಇದರ ಮೇಲೆ ಬ್ಯಾಟರಿ. ಈ ಕಸುಬಿನ ಗುಟ್ಟೆಲ್ಲ ಇಲ್ಲಿದೆ. ಒಂದು ಜೊತೆ ಬ್ಯಾಟರಿ ಹತ್ತು ಲೀಟರಿನ ಟ್ಯಾಂಕನ್ನು ಒಮ್ಮೆ ಖಾಲಿ ಮಾಡುವಷ್ಟು ಹೊತ್ತು ಹಾರಿಸುತ್ತದೆ, ಎಂದರೆ ಹೆಚ್ಚುಕಡಿಮೆ ಒಂದು ಎಕರೆ. ಜೊತೆಗೆ ರೂ. 60,000 ಕೊಟ್ಟು ತಂದು, ಅದು 400 ಸಲ ಚಾರ್ಜು ಹಿಡಿದು ಸೋತುಹೋದರೆ, ಪ್ರತಿ ಹಾರಾಟಕ್ಕೂ ರೂ. 150ರಷ್ಟು ಬ್ಯಾಟರಿ ಸವೆದಂತಾಯಿತು. ವಿದ್ಯುತ್ತಿನ ಖರ್ಚು ಇದರ ಮುಂದೆ ಲೆಕ್ಕಕ್ಕಿಲ್ಲ. ಎತ್ತಿಗೆ ಮೇವು ಹಾಕಿದ್ದನ್ನು ಬರೆದಿಟ್ಟು, ಎತ್ತು ಮುದಿಯಾಗುವುದನ್ನು ಮರೆತಂತೆ, ಚಾಲಕರು ಚಾರ್ಜಿನ ಖರ್ಚು ಹಿಡಿದು ಬ್ಯಾಟರಿಯ ಸವಕಳಿಯನ್ನು ಬಿಟ್ಟುಬಿಡುತ್ತಾರೆ.

ಈಗ ಎಕರೆಯ ದರ ತಾನಾಗಿಯೇ ಹೊರಬೀಳುತ್ತದೆ. ದಿನಕ್ಕೆ 20 ಎಕರೆ ಹೊಡೆದರೆ 5,000ವನ್ನು 20ರಿಂದ ಭಾಗಿಸಿ, ಬ್ಯಾಟರಿಯ 150 ಕೂಡಿಸಿದಾಗ ಎಕರೆಗೆ ಬೀಳುವ ಪೂರ್ತಿ ವೆಚ್ಚ ರೂ. 400. ದಿನಕ್ಕೆ 12 ಎಕರೆಯಾದರೆ ರೂ. 567. ಅಲ್ಲಿ ಎರಡು, ಇಲ್ಲಿ ಒಂದೂವರೆ ಎಂದು ಚದುರಿದ ತುಂಡುಗಳಲ್ಲಿ ತಿರುಗಿ 6 ಎಕರೆ ಮಾತ್ರ ಮುಗಿದರೆ ರೂ. 983. ಯಂತ್ರ ಅದೇ, ಕೈ ಅದೇ, ಔಷಧ ಅದೇ. ದರ ಎರಡು ಪಟ್ಟಿಗಿಂತ ಹೆಚ್ಚಾದದ್ದು ಹೊಲಗಳು ಚದುರಿದ್ದರಿಂದ.

ಆದುದರಿಂದ "ಎಕರೆಗೆ ಎಷ್ಟು?" ಎಂಬ ಪ್ರಶ್ನೆಗೆ "ಒಟ್ಟಿಗೆ ಎಷ್ಟು ಎಕರೆ?" ಎಂಬ ಮರುಪ್ರಶ್ನೆಯೇ ಸರಿಯಾದ ಉತ್ತರ. ನಮೋ ಡ್ರೋನ್ ದೀದಿ ಯೋಜನೆಯಲ್ಲಿ ಯಂತ್ರದ ಜೊತೆ ನಾಲ್ಕು ಹೆಚ್ಚುವರಿ ಬ್ಯಾಟರಿ ಸೆಟ್ಟುಗಳನ್ನು ಸೇರಿಸಿ, ದಿನಕ್ಕೆ 20 ಎಕರೆವರೆಗೆ ಹೊಡೆಯಬಹುದೆಂದು ಅಂದಾಜಿಸಿದ್ದು ಇಲ್ಲಿ ನೆನೆಯತಕ್ಕದ್ದು. ಬ್ಯಾಟರಿ ಸಾಲದೆ ಚಾರ್ಜಿಗಾಗಿ ಕಾಯುತ್ತ ಕುಳಿತ ಒಂದೊಂದು ತಾಸೂ ದರವನ್ನು ಮೇಲಕ್ಕೆ ತಳ್ಳುತ್ತದೆ.

ಯಾವ ದರ ನಷ್ಟ, ಯಾವುದು ಅಲ್ಲ

ಪೂರ್ತಿ ವೆಚ್ಚಕ್ಕಿಂತ ಕಡಿಮೆ ದರದ ಕೆಲಸವನ್ನೆಲ್ಲ ನಿರಾಕರಿಸಬೇಕೇ? ಹಾಗೇನಿಲ್ಲ. ಯಂತ್ರದ ಸವಕಳಿ, ವಿಮೆಯ ಕಂತು ಇವು ಮನೆಯಲ್ಲಿ ಕುಳಿತರೂ ತಪ್ಪುವುದಿಲ್ಲ. ಹೊಲಕ್ಕೆ ಹೋದರೆ ಮಾತ್ರ ಆಗುವ ಖರ್ಚೆಂದರೆ ವಾಹನ, ಸಹಾಯಕ ಮತ್ತು ಬ್ಯಾಟರಿ. ಈ ಮೂರು ಏಳದ ಕೆಲಸಕ್ಕೆ ಹೋಗುವುದಕ್ಕಿಂತ ಮನೆಯಲ್ಲಿರುವುದು ಲಾಭ. ಮೇಲಿನ ಉದಾಹರಣೆಯಲ್ಲಿ ಈ ಕೆಳಮಿತಿ 20 ಎಕರೆಯ ದಿನಕ್ಕೆ ಎಕರೆಗೆ ರೂ. 225, 12 ಎಕರೆಗೆ ರೂ. 275, 6 ಎಕರೆಗೆ ರೂ. 400.

ಕೊನೆಯ ಅಂಕಿಯನ್ನು ಸ್ವಲ್ಪ ನಿಂತು ನೋಡಬೇಕು. 6 ಎಕರೆಗೆ 400ರಂತೆ ಚಾಲಕನ ಕೈಗೆ ಬಂದದ್ದು ರೂ. 2,400. ವಾಹನ ಮತ್ತು ಸಹಾಯಕನಿಗೆ ರೂ. 1,500 ಕೊಟ್ಟ. ಸಂಜೆ ರೂ. 900 ಜೇಬಿನಲ್ಲಿದೆ, ಕೂಲಿಗೆ ಹೋದದ್ದಕ್ಕಿಂತ ಮೇಲು ಎಂದು ಸಮಾಧಾನದಿಂದ ಮನೆಗೆ ಹೋಗುತ್ತಾನೆ. ಆದರೆ ಆ ದಿನ ಆರು ಹಾರಾಟಕ್ಕೆ ಬ್ಯಾಟರಿ ಸವೆದದ್ದೂ ಸರಿಯಾಗಿ ರೂ. 900. ಅವನು ಮನೆಗೆ ಒಯ್ದದ್ದು ಗಳಿಕೆಯಲ್ಲ, ತನ್ನ ಬ್ಯಾಟರಿಯನ್ನೇ ಚೂರು ಚೂರಾಗಿ ಮಾರಿದ ಹಣ. ದಿನದ ದುಡಿಮೆಗೆ ಸಿಕ್ಕಿದ್ದು ಸೊನ್ನೆ. ಒಂದೆರಡು ಹಂಗಾಮು ಕಳೆದು ಬ್ಯಾಟರಿಗಳು ಒಮ್ಮೆಗೇ ಸೋತಾಗ, ಹೊಸ ಜೊತೆ ಕೊಳ್ಳಲು ಕೈಯಲ್ಲಿ ಹಣವಿರುವುದಿಲ್ಲ. ಯಂತ್ರ ಮೂಲೆ ಸೇರುತ್ತದೆ.

ಸಹಾಯಧನದ ಯಂತ್ರ ಪಡೆದವರು ಈ ಹಳ್ಳಕ್ಕೆ ಇನ್ನೂ ಬೇಗ ಬೀಳಬಹುದು. ನಮೋ ಡ್ರೋನ್ ದೀದಿಯಲ್ಲಿ ಬೆಲೆಯ ಶೇಕಡಾ 80ರಷ್ಟು, ಹೆಚ್ಚೆಂದರೆ 8 ಲಕ್ಷ ರೂಪಾಯಿ, ಸರ್ಕಾರವೇ ಭರಿಸುತ್ತದೆಂದು ಗೊತ್ತುಮಾಡಲಾಗಿತ್ತು. ಯಂತ್ರ ಅಗ್ಗಕ್ಕೆ ಬಂದಿತೆಂದು ದರವನ್ನೂ ಅಗ್ಗ ಮಾಡಿದರೆ ಸಹಾಯಧನವೆಲ್ಲ ಬಾಡಿಗೆ ಕೊಡುವವನ ಕಿಸೆಗೆ ಹೋದಂತೆ. ಎರಡನೆಯ ಯಂತ್ರಕ್ಕೆ ಸಹಾಯಧನ ಸಿಗುವ ಖಾತರಿಯಿಲ್ಲ. ಸಂಘಗಳು ಪ್ರತಿ ಎಕರೆಯ ಬಾಡಿಗೆಯಿಂದ ಬ್ಯಾಟರಿಯ ಪಾಲನ್ನು ಬೇರೆ ಖಾತೆಗೆ ಕಟ್ಟುವ ನಿಯಮ ಮಾಡಿಕೊಳ್ಳುವುದು ಒಳ್ಳೆಯದು. ಇಂಥ ಶಿಸ್ತು ಒಂಟಿ ತರುಣರಿಗಿಂತ ಮಹಿಳಾ ಸಂಘಗಳಿಗೆ ಸುಲಭ. ಉಳಿತಾಯದ ಪುಸ್ತಕ ಬರೆದು ಅವರಿಗೆ ಅಭ್ಯಾಸವಿದೆ.

ಕಡಿಮೆಯಾದ ಹಣ ಹೊಲದಲ್ಲಿ ಕಾಣುತ್ತದೆ

"ಅಗ್ಗಕ್ಕೆ ಹೊಡೆದು ನಷ್ಟ ಮಾಡಿಕೊಂಡರೆ ಅವನ ಪಾಡು, ನಮಗೇನು?" ಎಂದು ರೈತರು ಕೇಳಬಹುದು. ನಷ್ಟ ಅವನೊಬ್ಬನದೇ ಆಗಿ ಉಳಿದಿದ್ದರೆ ಈ ವಿಷಯವನ್ನು ಇಷ್ಟು ವಿಸ್ತರಿಸಬೇಕಾಗಿರಲಿಲ್ಲ. ದರ ಇಳಿದಾಗ ಚಾಲಕ ಸಹಜವಾಗಿಯೇ ದಿನಕ್ಕೆ ಹೆಚ್ಚು ಎಕರೆ ಮುಗಿಸಲು ನೋಡುತ್ತಾನೆ. ಹೆಚ್ಚು ಎಕರೆ ಮುಗಿಸುವ ಸುಲಭದ ಉಪಾಯ ಯಂತ್ರವನ್ನು ಜೋರಾಗಿ ಹಾರಿಸುವುದು.

ಯಂತ್ರ ಸೆಕೆಂಡಿಗೆ 4 ಮೀಟರ್ ವೇಗದಲ್ಲಿ ಹಾರುತ್ತ 4 ಮೀಟರ್ ಅಗಲಕ್ಕೆ ಸಿಂಪಡಿಸುತ್ತಿದೆ ಎನ್ನೋಣ. ಸೆಕೆಂಡಿಗೆ 16 ಚದರ ಮೀಟರ್ ಆಯಿತು. ಒಂದು ಎಕರೆ ಎಂದರೆ 4,047 ಚದರ ಮೀಟರ್. ಅದನ್ನು ಮುಗಿಸಲು ಸುಮಾರು 253 ಸೆಕೆಂಡು ಬೇಕು. ಅಷ್ಟು ಹೊತ್ತಿನಲ್ಲಿ ಸರಿಯಾಗಿ 10 ಲೀಟರ್ ಹೊರಬರುವಂತೆ ಪಂಪನ್ನು ಹೊಂದಿಸಿರುತ್ತಾರೆ. ಈಗ ಪಂಪನ್ನು ಮುಟ್ಟದೆ ವೇಗವನ್ನು 6 ಮೀಟರಿಗೆ ಏರಿಸಿದರೆ ಎಕರೆ 169 ಸೆಕೆಂಡಿನಲ್ಲಿ ಮುಗಿಯುತ್ತದೆ. ಬೆಳೆಗೆ ಬಿದ್ದದ್ದು 6.7 ಲೀಟರ್ ಮಾತ್ರ. ಔಷಧದಲ್ಲಿ ಮೂರನೆಯ ಒಂದು ಪಾಲು ಕಡಿಮೆಯಾಯಿತು. ಕೆಲವು ಯಂತ್ರಗಳು ವೇಗಕ್ಕೆ ತಕ್ಕಂತೆ ಪಂಪಿನ ಹರಿವನ್ನು ತಾವೇ ಏರಿಸಿಕೊಳ್ಳುತ್ತವೆ ನಿಜ, ಆದರೆ ಅದಕ್ಕೂ ಒಂದು ಮಿತಿಯಿದೆ. ಕಾಯಿಕೊರಕದ ಹುಳು ಅರೆ ಪ್ರಮಾಣಕ್ಕೆ ಸಾಯುವುದಿಲ್ಲ. ಹತ್ತು ದಿನ ಬಿಟ್ಟು ರೈತ ಇನ್ನೊಮ್ಮೆ ಔಷಧ ಕೊಳ್ಳಬೇಕಾಗುತ್ತದೆ. ಬಾಡಿಗೆಯಲ್ಲಿ ಉಳಿಸಿದ ನೂರು ರೂಪಾಯಿಯ ಹತ್ತರಷ್ಟು ಅಲ್ಲಿ ಹೋದೀತು. ಸಾಲದ್ದಕ್ಕೆ ಅರೆ ಪ್ರಮಾಣ ತಿಂದು ಬದುಕಿದ ಹುಳುಗಳ ಸಂತತಿ ಔಷಧಕ್ಕೆ ಒಗ್ಗಿಕೊಳ್ಳುವ ಅಪಾಯ ಬೇರೆ.

ಇನ್ನೊಂದು ಉಪಾಯ ಎತ್ತರಕ್ಕೆ ಹಾರಿಸುವುದು. ಬೆಳೆಯ ನೆತ್ತಿಯಿಂದ ಎರಡು ಮೀಟರಿನ ಆಸುಪಾಸಿನಲ್ಲಿ ಹಾರಬೇಕಾದ ಯಂತ್ರ ನಾಲ್ಕು ಮೀಟರಿಗೆ ಏರಿದರೆ ಹರಹು ಅಗಲವಾಗಿ ಕಾಣುತ್ತದೆ, ಸಾಲುಗಳು ಬೇಗ ಮುಗಿಯುತ್ತವೆ. ಆದರೆ ರೆಕ್ಕೆಯ ಗಾಳಿಯ ಒತ್ತಡ ಎಲೆಯ ಅಡಿಯವರೆಗೆ ಹನಿಯನ್ನು ತಳ್ಳುವುದಿಲ್ಲ, ಸಣ್ಣ ಹನಿಗಳು ಗಾಳಿಯಲ್ಲಿ ತೇಲಿ ಹೋಗುತ್ತವೆ. ಮೂರನೆಯದು ಹೊತ್ತು ನೋಡದೆ ಹಾರಿಸುವುದು. ಬೆಳಗಿನ ತಂಪು ಮತ್ತು ಇಳಿಹೊತ್ತಿನ ಕೆಲವು ತಾಸು ಬಿಟ್ಟರೆ ಬಿಸಿಲಿಗೆ ಹನಿ ಆರುತ್ತದೆ, ಗಾಳಿಗೆ ಹಾರುತ್ತದೆ. ಗಂಟೆಗೆ 10 ಕಿಲೋಮೀಟರ್ ಮೀರಿದ ಗಾಳಿಯಲ್ಲಿ ಹೊಸ ಚಾಲಕರು ಯಂತ್ರ ಎತ್ತದಿರುವುದು ಲೇಸು. 350ರ ದರಕ್ಕೆ 25 ಎಕರೆ ಒಪ್ಪಿಕೊಂಡವನು ಮಧ್ಯಾಹ್ನ ಯಂತ್ರ ಇಳಿಸಿ ಮರದ ನೆರಳಲ್ಲಿ ಕೂರುತ್ತಾನೆಯೇ? ಕೂರಲಾರ. ಬಿಸಿ ಆರದ ಬ್ಯಾಟರಿಯನ್ನೇ ಮತ್ತೆ ಚಾರ್ಜಿಗೆ ಹಾಕುತ್ತಾನೆ. ಅದರಿಂದ 400 ಸಲ ಬಾಳಬೇಕಾದದ್ದು ಮುನ್ನೂರಕ್ಕೇ ಸೋಲುತ್ತದೆ. ಆಗ ಬ್ಯಾಟರಿಯ ವೆಚ್ಚ ಎಕರೆಗೆ 150ರ ಬದಲು 200 ಆಗುತ್ತದೆ. ಅಗ್ಗದ ದರ ತನ್ನ ವೆಚ್ಚವನ್ನು ತಾನೇ ಏರಿಸಿಕೊಳ್ಳುವುದು ಹೀಗೆ.

ಹಿಪ್ಪುನೇರಳೆ ತೋಟದ ಪಕ್ಕದಲ್ಲಿ

ಗಾಳಿಗೆ ತೇಲಿಹೋದ ಹನಿಯ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. ಎಕರೆಗೆ ಬೇಕಾದ ಔಷಧದ ಪ್ರಮಾಣ ಎರಡೂ ವಿಧಾನಗಳಲ್ಲಿ ಹೆಚ್ಚುಕಡಿಮೆ ಒಂದೇ, ನೀರು ಮಾತ್ರ 200 ಲೀಟರಿನಿಂದ 10 ಲೀಟರಿಗೆ ಇಳಿಯುತ್ತದೆ. ಆದುದರಿಂದ ಡ್ರೋನಿನಿಂದ ಬೀಳುವ ಹನಿಯೊಂದರ ಔಷಧದ ಸಾಂದ್ರತೆ ಕೈಪಂಪಿನ ಹನಿಗಿಂತ 20 ಪಟ್ಟು ಇರುತ್ತದೆ. ಕೈಪಂಪಿನಿಂದ ಬದು ದಾಟಿ ಹೋದ ಹನಿ ನೆರೆಯವನ ಬೆಳೆಗೆ ಮಾಡದ ಹಾನಿಯನ್ನು ಈ ಹನಿ ಮಾಡಬಲ್ಲುದು.

ಕೋಲಾರ, ಚಿಕ್ಕಬಳ್ಳಾಪುರ, ರಾಮನಗರದ ಕಡೆ ಟೊಮೇಟೊ, ರಾಗಿ, ಹಿಪ್ಪುನೇರಳೆ ಇವು ಒಂದೇ ಬದುವಿನ ಆಚೀಚೆ ಇರುತ್ತವೆ. ಕ್ಲೋರಾಂಟ್ರನಿಲಿಪ್ರೋಲ್‌ನಂಥ ಕೀಟನಾಶಕಗಳು ಕಾಯಿಕೊರಕಕ್ಕೆ ಎಷ್ಟು ಮಾರಕವೋ ರೇಷ್ಮೆಹುಳಕ್ಕೂ ಅಷ್ಟೇ ಮಾರಕ. ರೇಷ್ಮೆಹುಳುವೂ ಪತಂಗದ ಮರಿಯೇ ಅಲ್ಲವೇ! ಎಲೆಯ ಮೇಲೆ ಕಣ್ಣಿಗೆ ಕಾಣದಷ್ಟು ಔಷಧ ಬಿದ್ದಿದ್ದರೂ ಆ ಸೊಪ್ಪು ತಿಂದ ಹುಳುಗಳು ಗೂಡು ಕಟ್ಟುವ ಮೊದಲೇ ಸಾಯುತ್ತವೆ. ನೂರು ಮೊಟ್ಟೆ ಚಾಕಿ ತಂದ ರೈತ 60 ಕಿಲೋ ಗೂಡು ನಿರೀಕ್ಷಿಸಿದ್ದರೆ, ಕಿಲೋಗೆ ರೂ. 500 ಎಂದು ಹಿಡಿದರೂ ರೂ. 30,000 ಹೋಯಿತು. ನಾಲ್ಕು ಎಕರೆ ಟೊಮೇಟೊ ಹೊಡೆದು ರೂ. 1,600 ಪಡೆದ ಚಾಲಕ ಇದನ್ನು ಎಲ್ಲಿಂದ ತುಂಬಿಕೊಟ್ಟಾನು? ನ್ಯಾಯ ಪಂಚಾಯಿತಿಯ ಕಟ್ಟೆಗೆ ಬಂದಾಗ ಡ್ರೋನ್ ಕರೆಸಿದ ರೈತನೂ ಅಲ್ಲಿ ನಿಲ್ಲಬೇಕಾಗುತ್ತದೆ, ಎರಡು ಮನೆಗಳ ನಡುವೆ ವರ್ಷಗಟ್ಟಲೆ ಮಾತು ನಿಲ್ಲುತ್ತದೆ.

ಡ್ರೋನ್ ನಿಯಮಗಳ ಪ್ರಕಾರ ಈ ಗಾತ್ರದ ಯಂತ್ರಗಳಿಗೆ ಮೂರನೆಯವರ ಹಾನಿಯ ವಿಮೆ ಕಡ್ಡಾಯ. ಆದರೆ ಯಂತ್ರ ಬಿದ್ದು ಆದ ಹಾನಿಗೆ ಪರಿಹಾರ ಕೊಡುವ ವಿಮೆ, ಔಷಧ ತೇಲಿ ಆದ ಹಾನಿಗೂ ಕೊಡುತ್ತದೆ ಎಂದು ಭಾವಿಸಬಾರದು. ವಿಮೆಯ ಪತ್ರವನ್ನು ಓದಿಸಿ, ಈ ಅಂಶ ಸೇರಿದೆಯೇ ಎಂಬುದನ್ನು ಬರಹದಲ್ಲಿ ಕೇಳಿ ಪಡೆಯಬೇಕು. ಹಿಪ್ಪುನೇರಳೆ, ಜೇನುಪೆಟ್ಟಿಗೆ, ಮೀನಿನ ಕೆರೆ ಪಕ್ಕದಲ್ಲಿದ್ದರೆ ಹೊಸ ಚಾಲಕರು ಎಷ್ಟು ಹೆಚ್ಚಿನ ದರಕ್ಕೂ ಒಪ್ಪದಿರುವುದು ಕ್ಷೇಮ. ಇಲ್ಲಿ ಪ್ರಶ್ನೆ ದರದ್ದೇ ಅಲ್ಲ. ಕಳೆನಾಶಕದ ವಿಷಯದಲ್ಲೂ ಹೀಗೆಯೇ. ಭತ್ತಕ್ಕೆ ಹೊಡೆದ 2,4-ಡಿ ಪಕ್ಕದ ಹತ್ತಿಯ ಅಥವಾ ದ್ರಾಕ್ಷಿಯ ಎಲೆಯನ್ನು ಮುರುಟಿಸಬಲ್ಲುದು.

ಒಪ್ಪಬಹುದಾದ ಕಡಿಮೆ ದರ

ಕಡಿಮೆ ದರಕ್ಕೆ ಒಪ್ಪಬಹುದಾದ ಸಂದರ್ಭಗಳೂ ಇವೆ. ಎಲ್ಲಕ್ಕಿಂತ ಮೊದಲನೆಯದು ಮೇಲೆ ಹೇಳಿದ ಒಟ್ಟು ಹೊಲದ ಕೆಲಸ. ಹತ್ತು ಜನ ರೈತರು ಒಂದೇ ದಿನ, ಅಕ್ಕಪಕ್ಕದ 20 ಎಕರೆಗೆ ಕರೆದರೆ 400 ಎಂಬುದು ಕಡಿಮೆ ದರವಲ್ಲ, ನ್ಯಾಯವಾದ ದರ. ಚಾಲಕರು ಒಂದೇ ದರ ಹೇಳುವುದನ್ನು ಬಿಟ್ಟು ಮೂರು ದರಗಳ ಪಟ್ಟಿ ಇಟ್ಟುಕೊಳ್ಳಬೇಕು. ಮೇಲಿನ ಉದಾಹರಣೆಯವನಾದರೆ 20 ಎಕರೆ ಒಟ್ಟಿಗಿದ್ದರೆ ರೂ. 400, ಹತ್ತು ಹನ್ನೆರಡು ಎಕರೆಗೆ ರೂ. 600, ಬಿಡಿ ತುಂಡುಗಳಿಗೆ ಹೋಗಿಬರುವ ಖರ್ಚು ಸೇರಿಸಿ ರೂ. 900ರ ಮೇಲೆ ಎಂದು ಬರೆದು ತೋರಿಸಲಿ. ಪಟ್ಟಿ ನೋಡಿದ ರೈತನೇ ನೆರೆಯವರನ್ನು ಕೂಡಿಸಿ ತರುತ್ತಾನೆ. ದರಕ್ಕಾಗಿ ಜಗ್ಗಾಡುವ ಕಷ್ಟ ಚಾಲಕನಿಗೆ ತಪ್ಪುತ್ತದೆ.

ಎರಡನೆಯದು ಹೊಸ ಊರಿನ ಮೊದಲ ಕೆಲಸ. ಯಾರೂ ನೋಡಿಲ್ಲದ ಊರಿನಲ್ಲಿ ಒಂದು ಎಕರೆಯನ್ನು ಕಡಿಮೆಗೆ, ಬೇಕಾದರೆ ಪುಕ್ಕಟೆಯಾಗಿಯೇ ಹೊಡೆದು ತೋರಿಸಬಹುದು. ಒಂದೇ ಎಕರೆ. ರಸೀದಿಯಲ್ಲಿ ಪೂರ್ತಿ ದರ ಬರೆದು, ಕೆಳಗೆ "ಮೊದಲ ಪ್ರಾತ್ಯಕ್ಷಿಕೆಗೆ ರಿಯಾಯಿತಿ" ಎಂದು ಕಳೆದು ತೋರಿಸಬೇಕು. ಬಾಯಿಮಾತಿನ ರಿಯಾಯಿತಿ ಮರುದಿನವೇ ಊರಿನ ದರವಾಗಿಬಿಡುತ್ತದೆ, ಮುಂದಿನ ವರ್ಷ ಅದನ್ನು ಏರಿಸಹೋದವನು ದುರಾಸೆಯವನೆನಿಸುತ್ತಾನೆ. ಟ್ರ್ಯಾಕ್ಟರ್ ಬಾಡಿಗೆಗೆ ಬಿಟ್ಟವರು ಈ ಪಾಠವನ್ನು ಎಂದೋ ಕಲಿತಿದ್ದಾರೆ.

ಹಂಗಾಮಿನ ನಡುವೆ ಬಿಡುವಾದ ದಿನ ಬಂದ ಕೆಲಸವನ್ನೂ ಕೆಳಮಿತಿಗಿಂತ ಮೇಲಿದ್ದರೆ ಒಪ್ಪಬಹುದು. ಪೀಡೆ ಹೆಚ್ಚಾಗಿ ಎಲ್ಲರೂ ಕರೆಯುತ್ತಿರುವ ವಾರದಲ್ಲಿ ಅದೇ ದರಕ್ಕೆ ಒಪ್ಪುವುದು ಅವಿವೇಕ.

ಸ್ವಂತ ಯಂತ್ರವಿಲ್ಲದೆ, ಪ್ರಮಾಣಪತ್ರ ಮಾತ್ರ ಹಿಡಿದು ಬೇರೆಯವರ ಡ್ರೋನ್ ಹಾರಿಸಲು ಹೋಗುವವರ ಸಂಗತಿ ಬೇರೆ. ಅವರಿಗೆ ಸವಕಳಿಯ ಚಿಂತೆಯಿಲ್ಲ. ತರಬೇತಿಯ ಕೆಲವು ದಿನಗಳಲ್ಲಿ ಔಷಧ ಕಲಸುವುದು, ನಾಜಲ್ ಕಟ್ಟಿದಾಗ ಬಿಡಿಸುವುದು, ವಿದ್ಯುತ್ ತಂತಿ ಮತ್ತು ಮರಗಳ ನಡುವಿನ ಹೊಲದ ಗಡಿ ಗುರುತಿಸುವುದು ಕೈಗೆ ಹತ್ತುವುದಿಲ್ಲ. ನುರಿತವನೊಬ್ಬನ ಜೊತೆ ಒಂದು ಹಂಗಾಮು ಸಹಾಯಕನ ಕೂಲಿಗೇ ದುಡಿದರೂ ಅದು ನಷ್ಟವಲ್ಲ. ಆದರೆ ಹೋಗುವ ಮುಂಚೆ ಒಂದು ಮಾತನ್ನು ಬರಹದಲ್ಲಿ ಪಡೆಯಬೇಕು. ಯಂತ್ರ ಬಿದ್ದರೆ ಯಾರ ಹೊಣೆ? "ಮುರಿದರೆ ನಿನ್ನ ಸಂಬಳದಲ್ಲಿ ಹಿಡಿಯುತ್ತೇವೆ" ಎನ್ನುವವರ ಬಳಿ ದಿನಗೂಲಿಗೆ ಹಾರಿಸುವುದೆಂದರೆ, ಐನೂರರ ಆಸೆಗೆ ಲಕ್ಷದ ಜಾಮೀನು ನಿಂತಂತೆ. ಅಂಥ ಕೆಲಸ ಬೇಡ. ವಿಮೆ ಇಲ್ಲದ, ನೋಂದಣಿ ಸಂಖ್ಯೆ ಇಲ್ಲದ ಯಂತ್ರವನ್ನಂತೂ ಮುಟ್ಟಬಾರದು. ದಂಡ ಬೀಳುವಾಗ ರಿಮೋಟು ಯಾರ ಕೈಯಲ್ಲಿತ್ತು ಎಂದೇ ಮೊದಲು ಕೇಳುತ್ತಾರೆ.

ಮಲೆನಾಡಿನ ಅಡಿಕೆ ತೋಟಗಳಿಂದ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಲು ಹೊಸ ಚಾಲಕರಿಗೆ ಕರೆ ಬರುವುದುಂಟು. ಸುಣ್ಣ, ಮೈಲುತುತ್ತದ ದ್ರಾವಣ ಸಣ್ಣ ನಾಜಲುಗಳನ್ನು ಕಟ್ಟುತ್ತದೆ, ಗೊನೆಗಳೆಲ್ಲ ತೊಯ್ಯಬೇಕಾದ್ದರಿಂದ ದ್ರಾವಣವೂ ಹೆಚ್ಚು ಬೇಕು. ಮರದ ತಲೆಗಳ ನಡುವೆ ಹಾರಿಸುವುದು ಕಲಿಯುವವರ ಕೆಲಸವಲ್ಲ. ಬಯಲಿನ ಎಕರೆ ದರವನ್ನು ಅಲ್ಲಿಗೆ ಹಚ್ಚಿ ಒಪ್ಪಿಕೊಂಡವರು ಕೈ ಸುಟ್ಟುಕೊಳ್ಳುವುದು ಖಂಡಿತ.

ರೈತರು ಕೇಳಬೇಕಾದದ್ದು

ಡ್ರೋನ್ ಕರೆಸುವ ರೈತರು ದರದ ಜೊತೆಗೆ ಇನ್ನು ಕೆಲವನ್ನು ಕೇಳಿ ತಿಳಿಯಬೇಕು. ಚಾಲಕನ ಪ್ರಮಾಣಪತ್ರ, ಯಂತ್ರದ ನೋಂದಣಿ, ವಿಮೆ ನೋಡಬೇಕು. ಎಕರೆಗೆ ಎಷ್ಟು ಲೀಟರ್, ಯಾವ ಎತ್ತರ, ಯಾವ ವೇಗ ಎಂದು ಕೇಳಿ ರಸೀದಿಯಲ್ಲಿ ಬರೆಸಿಕೊಳ್ಳಬೇಕು. ಮೊದಲು ಬರಿಯ ನೀರಿನಿಂದ ಕೆಲವು ನಿಮಿಷ ಹಾರಿಸಿ, ನಾಜಲುಗಳೆಲ್ಲ ಸಮನಾಗಿ ಸಿಂಪಡಿಸುತ್ತವೆಯೇ ಎಂದು ನೋಡುವುದು ಕ್ರಮ. ನೀರಿನ ಹನಿ ಬಿದ್ದರೆ ಹಳದಿಯಿಂದ ನೀಲಿಗೆ ತಿರುಗುವ ಕಾಗದ ಸಿಗುತ್ತದೆ. ಅದರ ತುಂಡುಗಳನ್ನು ಗಿಡದ ಮೇಲೆ, ನಡುವೆ, ಬುಡದಲ್ಲಿ ಸಿಕ್ಕಿಸಿಟ್ಟರೆ ಔಷಧ ಎಲ್ಲಿಯವರೆಗೆ ಇಳಿಯಿತೆಂಬುದು ಯಾರ ಮಾತೂ ಬೇಡದೆ ತಿಳಿಯುತ್ತದೆ. ಔಷಧವನ್ನು ನೇರವಾಗಿ ಟ್ಯಾಂಕಿಗೆ ಸುರಿಯದೆ, ಮೊದಲು ಬಕೆಟ್ಟಿನಲ್ಲಿ ಸ್ವಲ್ಪ ನೀರಿನೊಡನೆ ಕಲಸಿ, ಅನಂತರ ಟ್ಯಾಂಕಿಗೆ ಹಾಕಿ ನೀರು ತುಂಬಬೇಕು. ಕೇಂದ್ರ ಕೃಷಿ ಸಚಿವಾಲಯ 2021ರ ಡಿಸೆಂಬರಿನಲ್ಲಿ ಡ್ರೋನ್ ಸಿಂಪರಣೆಯ ಕಾರ್ಯವಿಧಾನವನ್ನೂ, 2023ರಲ್ಲಿ ಭತ್ತ, ಮುಸುಕಿನ ಜೋಳ, ಹತ್ತಿ, ತೊಗರಿ ಮೊದಲಾದ ಹತ್ತು ಬೆಳೆಗಳಿಗೆ ಪ್ರತ್ಯೇಕ ವಿಧಾನಗಳನ್ನೂ ಪ್ರಕಟಿಸಿದೆ. ಚಾಲಕನಿಗೆ ಇವು ಗೊತ್ತಿವೆಯೇ ಎಂದು ಕೇಳುವುದು ಅಧಿಕಪ್ರಸಂಗವಲ್ಲ.

ಬಾಡಿಗೆಯನ್ನು ಕೆಲಸ ಮುಗಿದ ದಿನವೇ ಕೊಡುವ ರೈತನಿಗೆ ಚಾಲಕ ದರದಲ್ಲಿ ಸ್ವಲ್ಪ ಬಿಡಬಹುದು. ಸುಗ್ಗಿಯ ನಂತರ ಕೊಡುತ್ತೇನೆಂಬ 500ಕ್ಕಿಂತ ಅಂದೇ ಕೈಗೆ ಬರುವ 425 ಮೇಲು. ನಾಳೆಯ ಪೆಟ್ರೋಲಿಗೆ ಅದೇ ಬೇಕು.

ವಿಸ್ತರಣಾ ಕಾರ್ಯಕರ್ತರು ಇಲ್ಲಿ ಮಾಡಬಹುದಾದ ಕೆಲಸ ದೊಡ್ಡದು. ಕಲಬುರಗಿ ಭಾಗದಲ್ಲಿ ತೊಗರಿ ಹೂವಾಗುವುದು ಅಕ್ಟೋಬರ್-ನವೆಂಬರಿನಲ್ಲಿ. ಸೆಪ್ಟೆಂಬರಿನಲ್ಲಿಯೇ ಗ್ರಾಮ ಪಂಚಾಯಿತಿಯಲ್ಲಿ ರೈತರನ್ನು ಸೇರಿಸಿ, ಸರ್ವೆ ನಂಬರಿನ ಪ್ರಕಾರ 20 ಎಕರೆಯ ಗುಂಪುಗಳನ್ನು ಮಾಡಿ, ಪ್ರತಿ ಗುಂಪಿಗೂ ಒಂದು ಬೆಳಗಿನ ಸರದಿ ಗೊತ್ತುಮಾಡಿ ಪಟ್ಟಿ ಬರೆದಿಡಬಹುದು. ಪಟ್ಟಿಯಲ್ಲಿ ಹಿಪ್ಪುನೇರಳೆ, ಜೇನುಪೆಟ್ಟಿಗೆ ಇರುವ ಹೊಲಗಳನ್ನು ಕೆಂಪು ಶಾಯಿಯಲ್ಲಿ ಗುರುತಿಸಬೇಕು. ಮೋಜಣಿಯಲ್ಲಿ ಹುಳುವಿನ ಸಂಖ್ಯೆ ಆರ್ಥಿಕ ಹಾನಿಯ ಮಟ್ಟ ಮುಟ್ಟಿದ ದಿನ ಚಾಲಕನಿಗೆ ಫೋನು ಹೋಗಬೇಕು. ಹೊಡೆಯುವ ದಿನಕ್ಕಿಂತ 24 ಗಂಟೆ ಮೊದಲು ಊರಿನವರಿಗೆ, ಜೇನು ಸಾಕುವವರಿಗೆ ತಿಳಿಸುವ ಕೆಲಸವನ್ನು ಪಂಚಾಯಿತಿ ವಹಿಸಿಕೊಳ್ಳಲಿ. ಹೀಗೆ ಸರದಿ ಹಾಕಿಕೊಟ್ಟ ಊರಿಗೆ ಚಾಲಕ ಯಾವ ಹಿಂಜರಿಕೆಯೂ ಇಲ್ಲದೆ 400ಕ್ಕೆ ಬರುತ್ತಾನೆ, ವರ್ಷಕ್ಕೆ 60 ದಿನದ ಬದಲು 100 ದಿನ ಕೆಲಸ ಸಿಕ್ಕಿದರೆ ಅವನ ಪೂರ್ತಿ ವೆಚ್ಚವೇ ಎಕರೆಗೆ 350ಕ್ಕೆ ಇಳಿಯುತ್ತದೆ.

ಹಂಗಾಮು ಮುಗಿದ ಮೇಲೆ ಬ್ಯಾಟರಿಗಳನ್ನು ತುಂಬ ಚಾರ್ಜು ಮಾಡಿಯೂ ಇಡಬಾರದು, ಪೂರ್ತಿ ಖಾಲಿ ಮಾಡಿಯೂ ಇಡಬಾರದು. ಅರ್ಧದ ಆಸುಪಾಸಿನಲ್ಲಿ, ಒಂದು ಕೋಶಕ್ಕೆ 3.8 ವೋಲ್ಟಿನ ಮಟ್ಟದಲ್ಲಿ, ತಂಪಾದ ಜಾಗದಲ್ಲಿ ಇರಿಸಿ, ತಿಂಗಳಿಗೊಮ್ಮೆ ಅಳೆದು ನೋಡಬೇಕು. ಪ್ರತಿ ಜೊತೆಗೂ ಒಂದು ಸಂಖ್ಯೆ ಬರೆದು, ಎಷ್ಟನೆಯ ಹಾರಾಟ ಎಂಬುದನ್ನು ಪುಸ್ತಕದಲ್ಲಿ ಗುರುತಿಸುತ್ತ ಹೋದರೆ, ಮುಂದಿನ ಹಂಗಾಮಿಗೆ ದರ ಹೇಳುವಾಗ ಪಕ್ಕದ ಊರಿನವನ ದರವನ್ನು ವಿಚಾರಿಸಬೇಕಾಗಿಲ್ಲ.